ಮೂರು ಜೋಡಿ ಗೋಲ್‌ಕೀಪರ್ ಗ್ಲೌಸ್, ಒಂದು ಕೊಡಗಿನ ಮಳೆಗಾಲ

ಮೇ ಕೊನೆಯ ವಾರ

ನಮ್ಮ ಕಡೆ ಗೋಲ್‌ಕೀಪರ್ ಗ್ಲೌಸ್ ಹಾಳಾಗುವುದು ಹೆಚ್ಚಾಗಿ ಪಂದ್ಯ ಮುಗಿದ ಮೇಲೆಯೇ. ಮೈದಾನದಲ್ಲಿ ಸವೆಯುವುದಕ್ಕಿಂತ ಒದ್ದೆ ಚೀಲದೊಳಗೆ ಕಳೆದ ರಾತ್ರಿಗಳು ಅದರ ಆಯುಸ್ಸನ್ನು ತಿನ್ನುತ್ತವೆ. ಈ ಮಳೆಗಾಲ ಇದನ್ನು ಗಟ್ಟಿಯಾಗಿ ಹಿಡಿದು ನೋಡಬೇಕು ಎಂದುಕೊಂಡಿದ್ದೇನೆ. ನನ್ನ ಎರಡು ಜೋಡಿ, ಅಕ್ಕನ ಮಗನ ಒಂದು ಜೋಡಿ; ಮೂರೂ ತುಲಾ ಸಂಕ್ರಮಣದವರೆಗೆ ಆಡಲು ಯೋಗ್ಯವಾಗಿ ಉಳಿಯಬೇಕು. ಹುಡುಗ ಈ ವರ್ಷದಿಂದ ಸಿದ್ದಾಪುರ ಬಳಿಯ ನಮ್ಮ ಊರಿನ ಕಿರಿಯರ ಫುಟ್‌ಬಾಲ್ ತಂಡಕ್ಕೆ ಗೋಲ್ ಕಾಯುತ್ತಿದ್ದಾನೆ. ಕೊಡಗು ಎಂದರೆ ಹಾಕಿ ಎನ್ನುವವರು ಒಮ್ಮೆ ಸಿದ್ದಾಪುರ, ಅಮ್ಮತ್ತಿ, ಸುಂಟಿಕೊಪ್ಪದ ಮೈದಾನಗಳಿಗೆ ಸಂಜೆ ಬಂದು ನೋಡಬೇಕು.

ಮೊದಲು ಅಳತೆ. ಹೆಬ್ಬೆರಳನ್ನು ಬಿಟ್ಟು, ಬೆರಳುಗಳ ಬುಡದ ಕೆಳಗೆ ಅಂಗೈ ಅತಿ ಅಗಲವಾಗಿರುವಲ್ಲಿ ಟೇಪು ಸುತ್ತಬೇಕು. ಬಂದ ಇಂಚನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ ಒಂದು ಸೇರಿಸಿದರೆ ಸಾಮಾನ್ಯವಾಗಿ ಸೈಜ್ ಸಿಗುತ್ತದೆ. ನನ್ನದು ಏಳೂಕಾಲು ಇಂಚು, ಅಂದರೆ 9. ಹುಡುಗನದು ಐದೂವರೆ, ಅಂದರೆ 7. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಬದಲಾಗುವುದರಿಂದ ಅಂಗಡಿಯಲ್ಲಿ ಹಾಕಿಯೇ ನೋಡಬೇಕು. ಬೆರಳ ತುದಿಯಲ್ಲಿ ಅರ್ಧದಿಂದ ಒಂದು ಸೆಂಟಿಮೀಟರ್ ಜಾಗ ಉಳಿದರೆ ಸರಿ. ತುದಿ ತಾಗಿದರೆ ಹೊಲಿಗೆ ಬೇಗ ಬಿಡುತ್ತದೆ, ಹೆಚ್ಚು ಉಳಿದರೆ ಚೆಂಡು ಬಿದ್ದಾಗ ಫೋಮ್ ಮಡಚಿಕೊಳ್ಳುತ್ತದೆ. ಮಕ್ಕಳಿಗೆ ‘ಬೆಳೆಯುತ್ತಾನಲ್ಲ’ ಎಂದು ಎರಡು ಸೈಜ್ ದೊಡ್ಡದು ಕೊಡಿಸುವುದನ್ನು ನಾನು ಒಪ್ಪುವುದಿಲ್ಲ. ಬಟ್ಟೆಗೆ ಆ ಲೆಕ್ಕ ಸರಿ. ಗ್ಲೌಸ್ ಒಳಗೆ ಕೈ ಜಾರುತ್ತಿದ್ದರೆ ಹುಡುಗ ಚೆಂಡನ್ನು ನಂಬುವುದನ್ನೇ ಕಲಿಯುವುದಿಲ್ಲ.

ಬೆರಳುಗಳನ್ನು ಹೊಲಿದ ರೀತಿಯಲ್ಲಿ ಮುಖ್ಯವಾಗಿ ಮೂರು ಬಗೆ. ಫ್ಲಾಟ್ ಕಟ್‌ನಲ್ಲಿ ಅಂಗೈಯ ಫೋಮ್ ಒಂದೇ ಚಪ್ಪಟೆ ತುಂಡು, ಹೊಲಿಗೆ ಹೊರಗೆ. ಸಡಿಲವಾಗಿರುತ್ತದೆ, ಚೆಂಡಿಗೆ ತಾಗುವ ಭಾಗ ಅಗಲ. ರೋಲ್ ಫಿಂಗರ್‌ನಲ್ಲಿ ಫೋಮ್ ಬೆರಳನ್ನು ಸುತ್ತಿಕೊಂಡಿರುತ್ತದೆ. ನೆಗೆಟಿವ್ ಕಟ್‌ನಲ್ಲಿ ಹೊಲಿಗೆ ಒಳಗೆ, ಗ್ಲೌಸ್ ಕೈಗೆ ಅಂಟಿದಂತೆ ಕೂರುತ್ತದೆ. ನನ್ನ ಕೈ ಅಗಲ, ಫ್ಲಾಟ್ ಕಟ್ ಹಿತ. ಹುಡುಗನ ಬೆರಳುಗಳು ಸಣ್ಣ, ಅವನಿಗೆ ನೆಗೆಟಿವ್ ಕಟ್ ತೆಗೆದೆವು.

ಬೆರಳು ಹಿಂದಕ್ಕೆ ಬಾಗದಂತೆ ಪ್ಲಾಸ್ಟಿಕ್ ಪಟ್ಟಿ ಇಟ್ಟ ಗ್ಲೌಸ್‌ಗಳನ್ನು ಅಂಗಡಿಯವರು ತೋರಿಸಿದರು. ಬೆರಳಿಗೆ ಪೆಟ್ಟಾಗಿ ವಾಸಿಯಾಗುತ್ತಿರುವವರಿಗೆ ಅವು ಬೇಕು. ಕಲಿಯುವ ಹುಡುಗನಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಬೆರಳು ತಾನೇ ಬಲ ಪಡೆಯಬೇಕು, ಮುಷ್ಟಿ ಸಲೀಸಾಗಿ ಕಟ್ಟಲು ಬರಬೇಕು. ಮೇಲಾಗಿ ಪಟ್ಟಿ ಇರುವ ದಪ್ಪ ಬೆರಳುಗಳು ಒಣಗುವುದು ನಿಧಾನ. ಜುಲೈ ಕಂಡವರಿಗೆ ಅದರ ಬೆಲೆ ಗೊತ್ತು.

ಇನ್ನು ಅಂಗೈಯ ಲ್ಯಾಟೆಕ್ಸ್, ಅಂದರೆ ಆ ಫೋಮ್ ಮಾಡಿದ ರಬ್ಬರ್. ಒಳ್ಳೆಯ ಗ್ಲೌಸ್‌ಗಳಲ್ಲಿ ಇದು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪ. ಮೆದುವಾದಷ್ಟೂ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ದುಬಾರಿ ಗ್ಲೌಸ್ ಹೆಚ್ಚು ಕಾಲ ಬಾಳುತ್ತದೆ ಎಂದು ನಂಬಿ ಖರೀದಿಸುವವರಿದ್ದಾರೆ. ವಾಸ್ತವ ಬಹುತೇಕ ಅದಕ್ಕೆ ವಿರುದ್ಧ. ಅಭ್ಯಾಸಕ್ಕೆ ಗಟ್ಟಿ ಲ್ಯಾಟೆಕ್ಸ್, ಪಂದ್ಯಕ್ಕೆ ಮೆದು ಲ್ಯಾಟೆಕ್ಸ್ ಎಂದು ಎರಡು ಜೋಡಿ ಇಟ್ಟುಕೊಂಡರೆ ಎರಡೂ ಹೆಚ್ಚು ದಿನ ಬರುತ್ತವೆ. ಮಳೆಗೆಂದೇ ಹೆಚ್ಚು ರಂಧ್ರಗಳಿರುವ ಲ್ಯಾಟೆಕ್ಸ್ ಸಿಗುತ್ತದೆ, ನೀರನ್ನು ಹೀರಿ ಮೇಲ್ಮೈಯ ಹಿಡಿತ ಉಳಿಸುತ್ತದೆ. ನನ್ನ ಪಂದ್ಯದ ಜೋಡಿ ಅಂಥದ್ದು.

ಜೂನ್, ಮಳೆ ಹಿಡಿದ ಮೇಲೆ

ಹೊಸ ಗ್ಲೌಸ್ ಹಾಕುವ ಮುನ್ನವೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದೆವು. ಕಾರ್ಖಾನೆಯಲ್ಲಿ ಉಳಿದ ರಾಸಾಯನಿಕದ ಪೊರೆ ಹೋದ ಮೇಲೆಯೇ ಲ್ಯಾಟೆಕ್ಸ್ ತನ್ನ ಹಿಡಿತ ತೋರಿಸುತ್ತದೆ. ಹುಡುಗನಿಗೆ ತೊಳೆಯುವ ಮೊದಲು ಒಮ್ಮೆ, ನಂತರ ಒಮ್ಮೆ ಚೆಂಡು ಹಿಡಿಸಿ ತೋರಿಸಿದೆ. “ಮಾವ, ಇದು ಬೇರೆಯೇ ಗ್ಲೌಸ್!” ಎಂದ.

ಮಳೆ ಹಿಡಿಯುತ್ತಿದ್ದಂತೆ ಮೈದಾನದ ತೋಟದ ಬದಿಯಲ್ಲಿ ಜಿಗಣೆಗಳು ಎದ್ದಿವೆ. ಹುಡುಗರು ಕಾಲಿಗೆ ಎಣ್ಣೆ ಸವರಿಕೊಂಡು ಬರುತ್ತಾರೆ. ಗೋಲ್‌ಕೀಪರ್‌ಗೆ ಇಲ್ಲೊಂದು ಅಪಾಯವಿದೆ. ಲ್ಯಾಟೆಕ್ಸ್ ಎಂದರೆ ರಬ್ಬರ್. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ಆದ್ದರಿಂದ ನಮ್ಮಲ್ಲಿ ಈಗ ಒಂದು ಕಟ್ಟಳೆ: ಎಣ್ಣೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಗ್ಲೌಸ್. ಆಟದ ನಡುವೆ ಎಣ್ಣೆ ಹಾಕಿದ ತಲೆಯನ್ನು ಗ್ಲೌಸ್‌ನಿಂದ ಸವರಿಕೊಳ್ಳುವುದೂ ಇಲ್ಲ.

ಹಾಕುವಾಗ ಮಣಿಕಟ್ಟಿನ ಪಟ್ಟಿಯನ್ನು ಪೂರ್ತಿ ಬಿಚ್ಚಿ, ಗ್ಲೌಸ್‌ನ ಬಾಯಿಯ ಬಳಿ ಹಿಡಿದು ಎಳೆಯಬೇಕು. ತೆಗೆಯುವಾಗ ಬೆರಳ ತುದಿ ಹಿಡಿದು ಜಗ್ಗಬಾರದು, ಲ್ಯಾಟೆಕ್ಸ್ ಮೊದಲು ಕೀಳುವುದು ಅಲ್ಲಿಯೇ. ಬಿದ್ದ ಮೇಲೆ ಏಳುವಾಗ ಅಂಗೈ ಊರದೆ ಮುಷ್ಟಿ ಊರಬೇಕು. ಇದೊಂದನ್ನು ಹುಡುಗನಿಗೆ ರೂಢಿ ಮಾಡಿಸುವುದು ನಿಜಕ್ಕೂ ಕಷ್ಟವಾಗಿದೆ. ನಮ್ಮ ಕೆಂಪು ಮಣ್ಣಿನಲ್ಲಿ ಸಣ್ಣ ಹರಳು ಸಾಕಷ್ಟು. ಅಂಗೈ ಊರಿ ಎದ್ದಾಗಲೆಲ್ಲ ಹರಳು ಫೋಮ್‌ನ ರಂಧ್ರಕ್ಕೆ ಸೇರುತ್ತದೆ, ಮುಂದಿನ ಚೆಂಡು ಅದನ್ನು ಒಳಗೆ ಅರೆಯುತ್ತದೆ. ಪ್ರತಿ ಅಭ್ಯಾಸದ ಮೊದಲು ಚೆಂಡಿಲ್ಲದೆ ಬೀಳುವುದು, ಮುಷ್ಟಿಯಲ್ಲಿ ಏಳುವುದು, ಇಷ್ಟನ್ನೇ ಮಾಡಿಸುತ್ತಿದ್ದೇನೆ.

ಜುಲೈ, ಕಕ್ಕಡ (ಕೊಡವರ ಮಳೆ ತಿಂಗಳು)

ಈ ದಿನಚರಿಯ ನಿಜವಾದ ವಿಷಯ ಇಲ್ಲಿಂದ ಶುರು.

ಗ್ಲೌಸ್ ಜೊತೆ ಬರುವ ಚೀಟಿಗಳಲ್ಲಿ, ಹಿರಿಯ ಗೋಲ್‌ಕೀಪರ್‌ಗಳ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಲ್ಯಾಟೆಕ್ಸ್ ಪೂರ್ತಿ ಒಣಗಿ ಗರಿಗಟ್ಟಬಾರದು, ಸ್ವಲ್ಪ ತೇವ ಇರಲಿ. ಒಣ ಹವೆಯ ಊರುಗಳಿಗೆ ಅದು ಸರಿಯಾದ ಮಾತು. ಒಣಗಿದ ಲ್ಯಾಟೆಕ್ಸ್ ಬಿರುಸಾಗಿ ಬಿರುಕು ಬಿಡುತ್ತದೆ. ಆದರೆ ಕಕ್ಕಡದಲ್ಲಿ ನಮ್ಮ ಮನೆಯೊಳಗಿನ ಗಾಳಿಯೇ ತೇವ. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಇಲ್ಲಿ ಅಂಗೈಗೆ ಬೇಕಾದ ತೇವವನ್ನು ಗಾಳಿಯೇ ಕೊಡುತ್ತದೆ. ನಾವು ಮಾಡಬೇಕಾದದ್ದು ಒಳಗಿನ ಅಸ್ತರು ಬಟ್ಟೆಯನ್ನು ಒಣಗಿಸುವುದು. ಕಪ್ಪು ಚುಕ್ಕೆ, ವಾಸನೆ, ಕೊಳೆತ ಹೊಲಿಗೆ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ, ಅದರಲ್ಲೂ ಹೆಬ್ಬೆರಳು ಮತ್ತು ಕಿರುಬೆರಳಿನ ತುದಿಯಿಂದ.

ಮನೆಗೆ ಬಂದ ಕೂಡಲೇ, ನಾವು ಸ್ನಾನ ಮಾಡುವ ಮೊದಲೇ, ಗ್ಲೌಸ್‌ಗೆ ಸ್ನಾನ. ವೆಲ್ಕ್ರೋ ಪಟ್ಟಿಯನ್ನು ಮುಚ್ಚಿಯೇ ತೊಳೆಯಬೇಕು. ತೆರೆದಿದ್ದರೆ ಅದರ ಕೊಕ್ಕೆಗಳು ಪಕ್ಕದ ಗ್ಲೌಸ್‌ನ ಅಂಗೈಯನ್ನು ಕೆರೆಯುತ್ತವೆ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, 30 ಡಿಗ್ರಿ ಆಸುಪಾಸು ಇರುವಂತೆ ನೋಡಿಕೊಂಡು, ಮಕ್ಕಳ ಶಾಂಪೂ ಸ್ವಲ್ಪ ಹಾಕುತ್ತೇವೆ. ಬಟ್ಟೆ ಸೋಪು, ಬ್ಲೀಚಿಂಗ್ ಪುಡಿ, ಬ್ರಷ್ ಯಾವುದೂ ಲ್ಯಾಟೆಕ್ಸ್ ಬಳಿ ಸುಳಿಯುವಂತಿಲ್ಲ. ಗ್ಲೌಸ್ ಹಾಕಿಕೊಂಡೇ ಎರಡು ಅಂಗೈಗಳನ್ನು ಮೆಲ್ಲಗೆ ಒತ್ತಿ ಬಿಡುತ್ತಾ ಹೋದರೆ ಕೆಂಪು ನೀರು ಇಳಿಯುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸುತ್ತಿರಬೇಕು. ಹಿಂಡುವಂತಿಲ್ಲ. ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ.

ಒಣಗಿಸುವುದಕ್ಕೆ ಮಳೆಗಾಲದಲ್ಲಿ ಎಲ್ಲರ ಕಣ್ಣು ಒಲೆಯ ಮೇಲೆ. ಒದ್ದೆ ಶಾಲು, ಸಾಕ್ಸ್ ಎಲ್ಲ ಬಚ್ಚಲೊಲೆಯ ಮೇಲಿನ ಹಗ್ಗದಲ್ಲೇ ಒಣಗುವುದು. ಗ್ಲೌಸ್‌ಗೆ ಆ ಜಾಗ ಸಲ್ಲ. ಬಿಸಿ ಮತ್ತು ಬಿಸಿಲು ಎರಡೂ ರಬ್ಬರನ್ನು ಬೇಗ ಮುಪ್ಪಾಗಿಸುತ್ತವೆ. ಮೊದಲು ಹಳದಿ, ಆಮೇಲೆ ಗಡಸು, ಕೊನೆಗೆ ಪುಡಿ. ಸಂಪಾಜೆ ಕಡೆ ರಬ್ಬರ್ ತೋಟ ಇರುವ ನೆಂಟರೊಬ್ಬರು ಗ್ಲೌಸ್ ಮುಟ್ಟಿ ನೋಡಿ, “ಇದಕ್ಕೆ ನೆರಳೇ ಮದ್ದು” ಎಂದರು. ಹಾಲು ಮರದಿಂದ ಇಳಿಯುವುದನ್ನು ದಿನಾ ನೋಡುವವರ ಮಾತಿಗೆ ತೂಕವಿದೆ.

ಹಾಗಾಗಿ ಒಂದು ಸ್ಟ್ಯಾಂಡ್ ಮಾಡಿದೆವು. ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಹಲಗೆಯ ತುಂಡು, ಅದಕ್ಕೆ ತೂತು ಕೊರೆದು ನಿಲ್ಲಿಸಿದ ಬಿದಿರಿನ ಕಡ್ಡಿಗಳು. ಒಂದು ಗ್ಲೌಸ್‌ಗೆ ಮೂರು ಕಡ್ಡಿ: ಹೆಬ್ಬೆರಳಿಗೆ, ನಡುಬೆರಳಿಗೆ, ಕಿರುಬೆರಳಿಗೆ. ಕಡ್ಡಿಗಳ ತುದಿಯನ್ನು ಚಾಕುವಿನಿಂದ ಗುಂಡಗೆ ಮಾಡಿ ಉಪ್ಪುಕಾಗದದಲ್ಲಿ ಉಜ್ಜಿದ್ದೇವೆ, ಅಸ್ತರು ಹರಿಯಬಾರದು. ಬೆರಳುಗಳು ಮೇಲೆ, ಬಾಯಿ ಕೆಳಗೆ ತೆರೆದಿರುವುದರಿಂದ ನೀರು ಕೆಳಗಿಳಿಯುತ್ತದೆ, ಗಾಳಿ ಒಳಗೆ ಹೋಗುತ್ತದೆ. ಜಗಲಿಯಲ್ಲಿಟ್ಟು ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ ಕೆಳಗಿನಿಂದ ಬಿಟ್ಟರೆ ಮರುದಿನ ಸಂಜೆಗೆ ಬೆರಳ ತುದಿಯವರೆಗೂ ಒಣಗಿರುತ್ತದೆ. ಕರೆಂಟ್ ಇಲ್ಲದ ದಿನ ಹಳೆಯ ‘ಶಕ್ತಿ’ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಒಳಗೆ ತುರುಕಿ, ಒದ್ದೆಯಾದಂತೆ ಬದಲಿಸುತ್ತೇವೆ. ಫ್ಯಾನಿನಷ್ಟು ಚುರುಕಲ್ಲ, ಆದರೂ ಬೂಷ್ಟಿಗೆ ಅವಕಾಶ ಕೊಡುವುದಿಲ್ಲ.

ಒಣಗಿದ ಮೇಲೆ ಅಂಗೈಗೆ ಅಂಗೈ ತಾಗಿಸಿ ಇಡುವಂತಿಲ್ಲ. ಲ್ಯಾಟೆಕ್ಸ್‌ಗೆ ಲ್ಯಾಟೆಕ್ಸ್ ಅಂಟಿಕೊಂಡರೆ ಬಿಡಿಸುವಾಗ ಸಿಪ್ಪೆ ಬರುತ್ತದೆ. ನಡುವೆ ಒಂದು ಹತ್ತಿ ಬಟ್ಟೆ ಇಟ್ಟು, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಇಡುತ್ತಿದ್ದೇವೆ. ಪ್ಲಾಸ್ಟಿಕ್ ಕವರ್ ಮೈದಾನದಿಂದ ಮನೆಯವರೆಗೆ ಮಾತ್ರ.

ಆಗಸ್ಟ್

ಅಭ್ಯಾಸದ ಜೋಡಿಯ ಪಟ್ಟಿಯ ಹೊಲಿಗೆ ಬಿಟ್ಟಿತು. ಪೇಟೆಯಲ್ಲಿ ಕೊಡೆ, ಚಪ್ಪಲಿ ರಿಪೇರಿ ಮಾಡುವವರು ಮೇಣದ ದಾರದಲ್ಲಿ ಎರಡು ಸಾಲು ಹೊಲಿದು ಕೊಟ್ಟರು, ಮೊದಲಿಗಿಂತ ಗಟ್ಟಿ. ಬಟ್ಟೆ, ಪಟ್ಟಿಗಳಿಗೆ ಸೂಜಿ ಹಾಕಬಹುದು, ಅಂಗೈಯ ಲ್ಯಾಟೆಕ್ಸ್‌ಗೆ ಮಾತ್ರ ಬೇಡ. ತೂತು ಬಿದ್ದಲ್ಲಿಂದಲೇ ಅದು ಸೀಳುತ್ತದೆ. ವೆಲ್ಕ್ರೋದಲ್ಲಿ ಸಿಕ್ಕ ನೂಲು, ಹುಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದ ಮೇಲೆ ಹಿಡಿತ ವಾಪಸು ಬಂದಿದೆ.

ಸೆಪ್ಟೆಂಬರ್, ಕೈಲ್ ಮುಹೂರ್ತ ಹಬ್ಬದ ನಂತರ

ಮಳೆ ಬಿಡುವು ಕೊಟ್ಟಿದೆ. ಮೈದಾನ ಒಣಗುತ್ತಿದ್ದಂತೆ ಪಾಠ ತಿರುವುಮುರುವಾಗಿದೆ. ಈಗ ಆಟಕ್ಕೆ ಮೊದಲು ಅಂಗೈಯನ್ನು ನೀರಿನಿಂದ ತೇವ ಮಾಡಿ, ಹೆಚ್ಚಿನ ನೀರನ್ನು ಕೊಡವಿ ಹಾಕಬೇಕು. ಒಣ ಲ್ಯಾಟೆಕ್ಸ್ ಹಿಡಿಯುವುದಿಲ್ಲ, ಬೇಗ ಸವೆಯುತ್ತದೆ ಕೂಡ. ವಿರಾಮದಲ್ಲಿ ಮತ್ತೊಮ್ಮೆ ಹೀಗೆ ಮಾಡಲು ಗೋಲ್ ಕಂಬದ ಬಳಿ ನೀರಿನ ಬಾಟಲಿ ಇಡುತ್ತೇವೆ.

“ಮಾವ, ಗ್ಲೌಸ್ ಇಲ್ಲದೆ ನಿಂತರೆ ರೆಫ್ರಿ ಹೊರಗೆ ಕಳುಹಿಸುತ್ತಾರೆಯೇ?” ಎಂದು ಹುಡುಗ ಕೇಳಿದ. ಇಲ್ಲ. ಆಟದ ನಿಯಮದಲ್ಲಿ ಕಡ್ಡಾಯವಾದ ಉಡುಪಿನ ಪಟ್ಟಿಯಲ್ಲಿ ಗ್ಲೌಸ್ ಇಲ್ಲ. 1885ರಲ್ಲೇ ಇಂಗ್ಲೆಂಡಿನ ವಿಲಿಯಂ ಸೈಕ್ಸ್ ಗೋಲ್‌ಕೀಪರ್ ಗ್ಲೌಸ್‌ಗೆ ಪೇಟೆಂಟ್ ಪಡೆದಿದ್ದರೂ ಬಹಳ ಕಾಲ ಬಹುತೇಕರು ಬರಿಗೈಯಲ್ಲೇ ಆಡಿದರು. ದೊಡ್ಡ ಗ್ಲೌಸ್ ಎಲ್ಲರ ಕಣ್ಣಿಗೆ ಬಿದ್ದದ್ದು 1970ರ ದಶಕದಲ್ಲಿ, 1974ರ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ಸೆಪ್ ಮೇಯರ್ ಕೈಯಲ್ಲಿ. ಹುಡುಗನಿಗೆ ಹೆಚ್ಚು ಹಿಡಿಸಿದ್ದು ಮಾತ್ರ ರಿಕಾರ್ಡೊ ಕಥೆ. 2004ರ ಯೂರೋ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ, ಲಿಸ್ಬನ್‌ನಲ್ಲಿ, ಇಂಗ್ಲೆಂಡ್ ವಿರುದ್ಧ ಪೆನಾಲ್ಟಿ ಶೂಟೌಟ್ ನಡೆಯುತ್ತಿರುವಾಗ ಪೋರ್ಚುಗಲ್‌ನ ಈ ಗೋಲ್‌ಕೀಪರ್ ಗ್ಲೌಸ್ ಕಳಚಿಟ್ಟು, ಬರಿಗೈಯಲ್ಲಿ ಡೇರಿಯಸ್ ವ್ಯಾಸೆಲ್‌ರ ಹೊಡೆತ ತಡೆದು, ಮರುಕ್ಷಣ ತಾನೇ ಹೊಡೆದು ಪಂದ್ಯ ಗೆಲ್ಲಿಸಿದ. ಕೇಳಿದ ಮರುದಿನ ಹುಡುಗ ಬರಿಗೈಯಲ್ಲಿ ಹಿಡಿಯಲು ಅನುಮತಿ ಬೇಡಿದ. ಕೊಟ್ಟೆ. ಹತ್ತಿರದಿಂದ, ಮೆಲ್ಲಗೆ ಎಸೆದ ಚೆಂಡುಗಳಿಗೆ ಬರಿಗೈ ಒಳ್ಳೆಯದೇ. ಚೆಂಡನ್ನು ಬೆರಳುಗಳಲ್ಲಿ ಹಿಡಿಯುವುದು ಹೇಗೆಂದು ಕೈಗೆ ನೇರವಾಗಿ ತಿಳಿಯುತ್ತದೆ.

ಅಕ್ಟೋಬರ್, ತುಲಾ ಸಂಕ್ರಮಣದ ವಾರ

ಮೂರೂ ಜೋಡಿ ಉಳಿದಿವೆ. ನನ್ನ ಅಭ್ಯಾಸದ ಜೋಡಿಯಲ್ಲಿ ಬಲಗೈ ಹೆಬ್ಬೆರಳಿನ ಬುಡದ ಲ್ಯಾಟೆಕ್ಸ್ ತೆಳುವಾಗಿ ಒಳಗಿನ ಪದರ ಕಾಣುತ್ತಿದೆ. ಇನ್ನು ಒಣ ಮೈದಾನದ ವ್ಯಾಯಾಮಕ್ಕೆ ಮಾತ್ರ. ಪಂದ್ಯದ ಜೋಡಿ ಅಭ್ಯಾಸಕ್ಕೆ ಇಳಿಯುತ್ತದೆ. ಅದರ ಅಂಗೈ ಸ್ವಲ್ಪ ನವಿರೆದ್ದಿದೆ, ಹಿಡಿತ ಇನ್ನೂ ಇದೆ, ಒಳಗೆ ಒಂದೂ ಕಪ್ಪು ಚುಕ್ಕೆ ಇಲ್ಲ. ಹುಡುಗನ ಗ್ಲೌಸ್‌ನಲ್ಲಿ ಎಡಗೈಗಿಂತ ಬಲಗೈ ಹೆಚ್ಚು ಸವೆದಿದೆ. ಬಲಕ್ಕೆ ಬಿದ್ದಾಗ ಇನ್ನೂ ಅಂಗೈ ಊರುತ್ತಿದ್ದಾನೆ ಎಂಬುದಕ್ಕೆ ಗ್ಲೌಸೇ ಸಾಕ್ಷಿ. ಬೇಸಿಗೆಯ ಪಂದ್ಯಾವಳಿಗಳ ಹೊತ್ತಿಗೆ ಅದನ್ನು ತಿದ್ದಬೇಕು.

ಟೇಪು ಮತ್ತೆ ಸುತ್ತಿದೆವು. ಆರು ಇಂಚು ದಾಟಿದೆ, ಮುಂದಿನದು 8. ಕಟ್ ಅದೇ ಇರಲಿ, ಲ್ಯಾಟೆಕ್ಸ್ ಗಟ್ಟಿಯದು. ಸ್ಟ್ಯಾಂಡ್‌ಗೆ ಇನ್ನೊಂದು ಸಾಲು ಕಡ್ಡಿ ಸೇರಿಸುತ್ತಿದ್ದೇನೆ. ತಂಡದ ಇನ್ನೊಬ್ಬ ಕಿರಿಯ ಗೋಲ್‌ಕೀಪರ್ ತನ್ನ ಗ್ಲೌಸನ್ನೂ ಇಲ್ಲೇ ಒಣಗಿಸಿಕೊಡುವಂತೆ ಕೇಳಿದ್ದಾನೆ.