ಒಂಟಾರಿಯೋ ಸರೋವರದ ದಂಡೆಯಲ್ಲಿ ಗಿಡುಗಗಳ ಲೆಕ್ಕ

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಒಂಟಾರಿಯೋ ಸರೋವರದ ಆಗ್ನೇಯ ಮೂಲೆಯಲ್ಲಿ ಡರ್ಬಿ ಹಿಲ್ ಎಂಬ ದಿಬ್ಬವಿದೆ. ವಸಂತದಲ್ಲಿ ಅಲ್ಲಿ ನಿಂತು ವಲಸೆ ಹೋಗುವ ಗಿಡುಗ, ಹದ್ದು, ರಣಹದ್ದುಗಳನ್ನು ಎಣಿಸುವುದು ನನ್ನ ಹಂಗಾಮಿನ ಉದ್ಯೋಗ. ರೆಕ್ಕೆ ಬಡಿಯುವ ಶ್ರಮವನ್ನು ಉಳಿಸಿಕೊಳ್ಳಲು ಈ ಹಕ್ಕಿಗಳು ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನು ನೆಚ್ಚಿಕೊಂಡಿರುತ್ತವೆ. ಏಪ್ರಿಲ್‌ನಲ್ಲೂ ಕೊರೆಯುವಷ್ಟು ತಣ್ಣಗಿರುವ ಸರೋವರದ ಮೇಲೆ ಅಂಥ ಗಾಳಿ ಏಳುವುದಿಲ್ಲವಾದ್ದರಿಂದ ಹೆಚ್ಚಿನವು ನೀರನ್ನು ದಾಟದೆ, ದಕ್ಷಿಣ ದಂಡೆಯ ಗುಂಟ ಪೂರ್ವಕ್ಕೆ ಸಾಗಿ, ಈ ಮೂಲೆಗೆ ಬಂದಾಗ ಉತ್ತರಕ್ಕೆ ಹೊರಳುತ್ತವೆ. ಒಂದು ವಸಂತದಲ್ಲಿ ಇಲ್ಲಿ ಎಣಿಕೆಗೆ ಸಿಗುವ ಹಕ್ಕಿಗಳು ಸರಾಸರಿ 40,000ದಷ್ಟು.

ಈ ಕೆಲಸಕ್ಕೆ ಸೇರುವವರೆಲ್ಲ ಹಕ್ಕಿಯನ್ನು ಗುರುತಿಸುವ ಚಾತುರ್ಯವೊಂದಿದ್ದರೆ ಸಾಕೆಂಬ ಭಾವನೆಯಲ್ಲಿ ಬರುತ್ತಾರೆ. ರೆಕ್ಕೆಗಳನ್ನು ತುಸು ಮೇಲೆತ್ತಿ ಓಲಾಡುತ್ತ ಬರುವುದು ಟರ್ಕಿ ವಲ್ಚರ್ ಎಂಬ ರಣಹದ್ದು ಎಂದು ದೂರದಿಂದಲೇ ಹೇಳಬಲ್ಲವರಾಗಬೇಕು, ನಿಜ. ಆದರೆ ವರ್ಷಗಳ ಲೆಕ್ಕವೆಲ್ಲ ನಾವು ತುಂಬುವ ನಮೂನೆಯ ನೀರಸ ಕಲಂಗಳ ಮೇಲೆ ನಿಂತಿದೆ ಎಂಬುದು ನನಗೆ ಕೆಲಸ ಮಾಡುತ್ತ ಮನದಟ್ಟಾಯಿತು. ಗಾಳಿಯ ದಿಕ್ಕು ಮತ್ತು ವೇಗ, ಉಷ್ಣಾಂಶ, ಮೋಡ, ಹಕ್ಕಿಗಳು ಹಾರುತ್ತಿದ್ದ ಎತ್ತರ, ನೋಡುತ್ತಿದ್ದವರ ಸಂಖ್ಯೆ ಇವೆಲ್ಲವನ್ನೂ ಗಂಟೆಗೊಮ್ಮೆ ಬರೆಯಬೇಕು. ಒಂದು ಹಕ್ಕಿಯೂ ಕಾಣದ ಗಂಟೆಗೆ ಸೊನ್ನೆಯನ್ನೇ ಬರೆಯಬೇಕು. ಖಾಲಿ ಬಿಟ್ಟರೆ, ಹಕ್ಕಿ ಬರಲಿಲ್ಲವೋ ನೋಡುವವರೇ ಇರಲಿಲ್ಲವೋ ಎಂಬುದು ಮುಂದೆ ಓದುವವರಿಗೆ ತಿಳಿಯುವುದಿಲ್ಲ. ಮೂರು ಗಂಟೆಯಲ್ಲಿ ಕಂಡ ನೂರು ಹಕ್ಕಿಗೂ ಎಂಟು ಗಂಟೆಯಲ್ಲಿ ಕಂಡ ನೂರಕ್ಕೂ ಅಜಗಜಾಂತರವಿದೆ.

ನಿಜವಾದ ಪರೀಕ್ಷೆ ಏಪ್ರಿಲ್ ಕೊನೆಯಲ್ಲಿ ಬರುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆದ ಬ್ರಾಡ್-ವಿಂಗ್ಡ್ ಹಾಕ್ ಎಂಬ ಕಾಗೆ ಗಾತ್ರದ ಗಿಡುಗಗಳು ದಕ್ಷಿಣದ ಗಾಳಿ ಬೀಸುವ ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ಹಾದುಹೋಗುತ್ತವೆ. ಬಿಸಿಗಾಳಿ ಸಿಕ್ಕಲ್ಲಿ ನೂರಾರು ಹಕ್ಕಿಗಳು ಒಂದೇ ಸುಳಿಯಲ್ಲಿ ಗಿರಕಿ ಹೊಡೆಯುವಾಗ ಎಣಿಸಲು ಹೊರಟರೆ ಕೆಲವನ್ನು ಎರಡು ಸಲ ಎಣಿಸುತ್ತೇವೆ, ಕೆಲವನ್ನು ಬಿಟ್ಟೇಬಿಡುತ್ತೇವೆ. ಆದ್ದರಿಂದ ಅವು ಸುಳಿಯ ನೆತ್ತಿಯನ್ನು ತಲುಪಿ, ರೆಕ್ಕೆಗಳನ್ನು ಅರೆ ಮಡಚಿ, ಕಟ್ಟು ಬಿಚ್ಚಿದ ಮಣಿಸರದಂತೆ ಒಂದರ ಹಿಂದೊಂದು ಜಾರಿಹೋಗುವವರೆಗೆ ಕಾಯಬೇಕು. ಎಣಿಕೆ ಯಂತ್ರದ ಗುಂಡಿಯನ್ನು ಒತ್ತಬೇಕಾದದ್ದು ಆಗ. ಸಾಲು ತೀರ ದಟ್ಟವಾದರೆ ಹತ್ತರ ಗುಂಪು ಮಾಡಿ ಎಣಿಸುವುದುಂಟು. ನೋಡಲು ಬಂದವರು ನಿರ್ಮಲವಾದ ನೀಲಿ ಆಕಾಶವನ್ನು ಹೊಗಳುತ್ತಾರೆ, ನಾವು ಅದನ್ನು ಶಪಿಸುತ್ತೇವೆ. ಎತ್ತರದಲ್ಲಿ ಚುಕ್ಕೆಯಂತೆ ಹಾರುವ ಹಕ್ಕಿ ಕಣ್ಣಿಗೆ ಸಿಗಬೇಕಾದರೆ ಹಿಂದೆ ಒಂದು ಬಿಳಿ ಮೋಡವಾದರೂ ಇರಬೇಕು.

ಹಕ್ಕಿಯ ವಯಸ್ಸಿನ ಕಲಂ ಬಗ್ಗೆ ಹೊಸಬರು ಗೊಣಗುವುದನ್ನು ಕೇಳಿದ್ದೇನೆ. ಅವರಿಗೆ ನಾನು ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನ ಕಥೆಯನ್ನು ಹೇಳುತ್ತೇನೆ. ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದ ಆ ಬೆಟ್ಟವನ್ನು ಪಕ್ಷಿ ಸಂರಕ್ಷಣೆಗೆ ಹೋರಾಡಿದ ರೋಸಲಿ ಎಡ್ಜ್ 1934ರಲ್ಲಿ ಅಭಯಧಾಮವಾಗಿಸಿದ ಮೇಲೆ, ಅಲ್ಲಿ ಶರತ್ಕಾಲದ ವಲಸೆಯ ಎಣಿಕೆ ಆರಂಭವಾಯಿತು. 1935ರಿಂದ 1939ರವರೆಗೆ ಕಂಡ ಬಾಲ್ಡ್ ಈಗಲ್ ಎಂಬ ಹದ್ದುಗಳಲ್ಲಿ ಶೇಕಡಾ 40ರಷ್ಟು ಎಳೆಯವಾಗಿದ್ದವು. 1955ರಿಂದ 1959ರ ನಡುವೆ ಅವುಗಳ ಪಾಲು ಶೇಕಡಾ 20ಕ್ಕೆ ಇಳಿದಿತ್ತು. ಕೀಟನಾಶಕಗಳ ಹಾನಿಯನ್ನು ಕುರಿತು ರೇಚಲ್ ಕಾರ್ಸನ್ 1962ರಲ್ಲಿ ಬರೆದಾಗ ಈ ಅಂಕಿಗಳನ್ನೇ ಮುಂದಿಟ್ಟರು. ಡಿಡಿಟಿ ಎಂಬ ಕೀಟನಾಶಕ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆಂಬುದು ಸಿದ್ಧವಾದದ್ದು ಆಮೇಲೆ. ಮೊದಲ ವರ್ಷಗಳಲ್ಲಿ ಎಳೆಯ ಹದ್ದಿನ ಕಪ್ಪು ಗರಿಗಳನ್ನು ಗಮನಿಸಿ ಬೇರೆಯಾಗಿ ಬರೆದಿಟ್ಟವರಿಗೆ ಅದು ಯಾವುದಕ್ಕೆ ಸಾಕ್ಷಿಯಾದೀತೆಂದು ಊಹಿಸಲೂ ಸಾಧ್ಯವಿರಲಿಲ್ಲ. ಅಮೆರಿಕದಲ್ಲಿ 1972ರಲ್ಲಿ ಡಿಡಿಟಿಗೆ ನಿಷೇಧ ಬಂತು. ಈಗ ಡರ್ಬಿ ಹಿಲ್‌ನಲ್ಲಿ ಬಾಲ್ಡ್ ಈಗಲ್ ಅಪರೂಪವೇನಲ್ಲ.

ಗುರುತು ಸಿಗದ ಹಕ್ಕಿಗೂ ನಮೂನೆಯಲ್ಲಿ ಒಂದು ಜಾಗವಿದೆ. ಅದನ್ನು ಬಳಸಲು ನಾಚುವವರನ್ನು ನಾನು ಒಳ್ಳೆಯ ಎಣಿಕೆದಾರರೆಂದು ಒಪ್ಪುವುದಿಲ್ಲ, ಅವರ ಕಣ್ಣು ಎಷ್ಟೇ ಚುರುಕಾಗಿದ್ದರೂ ಸರಿ. ಸುತ್ತಲಿನ ಮರಗಳಲ್ಲೇ ಗೂಡು ಕಟ್ಟಿಕೊಂಡು ದಿನಕ್ಕೆ ಹತ್ತು ಸಲ ತಲೆಯ ಮೇಲೆ ಸುಳಿಯುವ ರೆಡ್-ಟೇಲ್ಡ್ ಹಾಕ್‌ಗಳನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ರಾಣೆಬೆನ್ನೂರು, ಹೆಸರಘಟ್ಟದಂತಹ ನಮ್ಮ ಹುಲ್ಲುಗಾವಲುಗಳಲ್ಲಿ ಚಳಿಗಾಲ ಕಳೆಯುವ ಹ್ಯಾರಿಯರ್ ಎಂಬ ಗಿಡುಗಗಳನ್ನಾದರೆ ಸಂಜೆ ಅವು ತಂಗಲು ಇಳಿಯುವ ಹೊತ್ತಿಗೆ ಎಣಿಸಬಹುದು. ಇಲ್ಲಿ ಹಾದುಹೋಗುವಾಗ ಸಿಕ್ಕರೆ ಸಿಕ್ಕಿತು.

ಮಧ್ಯಾಹ್ನದ ವೇಳೆಗೆ ಸರೋವರದ ಕಡೆಯಿಂದ ತಣ್ಣನೆಯ ಗಾಳಿ ನುಗ್ಗಿದರೆ ಹಕ್ಕಿಗಳ ಸಾಲು ದಂಡೆಯನ್ನು ಬಿಟ್ಟು ಒಳನಾಡಿಗೆ ಸರಿಯುತ್ತದೆ. ಆಗ ನಾವೂ ನೀರಿನಂಚಿನ ಜಾಗವನ್ನು ಬಿಟ್ಟು ದಕ್ಷಿಣದ ವೀಕ್ಷಣಾ ಸ್ಥಳಕ್ಕೆ ಹೋಗುತ್ತೇವೆ, ಹೋದ ಹೊತ್ತನ್ನೂ ಗಾಳಿ ತಿರುಗಿದ ಹೊತ್ತನ್ನೂ ನಮೂನೆಯಲ್ಲಿ ಕಾಣಿಸುತ್ತೇವೆ. ಹಾಗೆ ಬರೆಯದಿದ್ದರೆ, ಆ ಗಂಟೆಯಲ್ಲಿ ಸಂಖ್ಯೆ ಕುಸಿದದ್ದು ಹಕ್ಕಿಗಳು ಕಡಿಮೆಯಾಗಿದ್ದರಿಂದಲೋ ನಾವು ನಡೆದಾಡುತ್ತಿದ್ದುದರಿಂದಲೋ ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗದು.