ಹಳದಿ ರೋಡು ಎಲ್ಲಿ ಹೋಯ್ತು?

2023ರಲ್ಲಿ ಫೋನಿನ ಗೂಗಲ್ ಮ್ಯಾಪಿಗೆ ಹೊಸ ಬಣ್ಣ ಬಂತು. ಹಳದಿ ಇದ್ದ ಹೆದ್ದಾರಿ ಬೂದು, ಪಕ್ಕದ ಸಣ್ಣ ರಸ್ತೆಯೂ ಬೂದು. ಮೂಡಿಗೆರೆಯ ಮಳೆಗಾಲದ ಮಬ್ಬಿನಲ್ಲಿ ಚಾರ್ಮಾಡಿಗೆ ಹೋಗುವ ಹೆದ್ದಾರಿ 73 ಯಾವುದು, ತೋಟದ ದಾರಿ ಯಾವುದು, ಹೇಳಿ ನೋಡೋಣ! ಗಾಡಿ ಓಡಿಸುವವರನ್ನು ಒಂದು ಮಾತು ಕೇಳಿದ ಹಾಗಿಲ್ಲ.

ಬಣ್ಣ ಬಿಡಿ, ಅಭ್ಯಾಸ ಆಗುತ್ತದೆ. ದಾರಿಯೇ ತಪ್ಪಾದರೆ? ನಮ್ಮ ಹೋಂಸ್ಟೇಗೆ ಬರುವವರನ್ನು ಈ ಮ್ಯಾಪು ಪಕ್ಕದ ಕಾಫಿ ತೋಟಕ್ಕೆ ನುಗ್ಗಿಸುತ್ತದೆ. ಮೇಲಿಂದ ತೆಗೆದ ಫೋಟೋದಲ್ಲಿ ಸಿಲ್ವರ್ ಓಕ್ ನಡುವಿನ ಮಣ್ಣಿನ ಗೆರೆ ಕಾಣುತ್ತದೆ, ಬೀಗ ಹಾಕಿದ ಗೇಟು ಕಾಣುವುದಿಲ್ಲ. ಅಲ್ಲಿ ನೆಟ್‌ವರ್ಕೂ ಇಲ್ಲ, ಕಾರು ತಿರುಗಿಸಲು ಜಾಗವೂ ಇಲ್ಲ. ಹಿಂದೆ ಇಳಿಜಾರು, ಕೆಸರು ಬೇರೆ. ತೋಟದ ಲೆಕ್ಕ ಬರೆಯುವ ರೈಟರ್ ಬಂದು, "ನಿಮ್ಮ ಗೆಸ್ಟೇ ಅಲ್ವಾ ಸಾರ್, ಕರ್ಕೊಂಡು ಹೋಗಿ" ಅನ್ನುತ್ತಾರೆ. ಪಾಪ, ಅವರಿಗೂ ಸಾಕಾಗಿದೆ.

ತಪ್ಪಾಗಿದೆ ಅಂತ ಆ್ಯಪಿನವರಿಗೆ ತಿಳಿಸಿದ್ದೂ ಆಯ್ತು. ನೋಡುತ್ತೇವೆ ಅಂದರು, ಅಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಇನ್ನೊಂದು ಮ್ಯಾಪಿನಲ್ಲಾದರೆ ಯಾರು ಬೇಕಾದರೂ ತಿದ್ದಬಹುದು. ಅಲ್ಲಿ ಗೇಟನ್ನು ನಾನೇ ಗುರುತು ಹಾಕಿದ್ದೇನೆ. ಆದರೆ ಆ ಮ್ಯಾಪು ನೋಡಿಕೊಂಡು ಬರುವ ಗೆಸ್ಟು ಇನ್ನೂ ಸಿಕ್ಕಿಲ್ಲ. ಈಗ ಬುಕ್ ಮಾಡಿದವರಿಗೆಲ್ಲ ಒಂದೇ ಮೆಸೇಜು: ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಫೋನ್ ಮಾಡಿ, ನಾನೇ ಬರುತ್ತೇನೆ.