ಪೇರಳೆಯ ಪಾಠ ಜಬೊಟಿಕಾಬಾಕ್ಕೆ ನಡೆಯಲಿಲ್ಲ

ನಮ್ಮ ಬಾವಿಕಟ್ಟೆಯ ಬಲಕ್ಕೆ ಪೇರಳೆ ಮರ, ಎಡಕ್ಕೆ ದ್ರಾಕ್ಷಿಯಂಥ ಕಪ್ಪು ಹಣ್ಣು ಬಿಡುವ ಬ್ರೆಜಿಲಿನ ಮರ ಜಬೊಟಿಕಾಬಾ. ನಡುವೆ ಹದಿನೈದು ಹೆಜ್ಜೆ. ಎರಡೂ ಒಂದೇ ಕುಟುಂಬದವು; ನೇರಳೆ, ಪನ್ನೇರಳೆ, ಲವಂಗ ಎಲ್ಲ ಅದೇ ಬಳಗ. ತೊಗಟೆ ಮುಟ್ಟಿದರೆ ನಂಟು ಗೊತ್ತಾಗುತ್ತದೆ. ಎರಡೂ ಕೈಗೆ ನುಣುಪು, ಎರಡೂ ಹಾವು ಪೊರೆ ಬಿಟ್ಟ ಹಾಗೆ ತೆಳುವಾಗಿ ಸುಲಿದು ಬೀಳುತ್ತವೆ. ಈ ಹೋಲಿಕೆಯನ್ನು ನಂಬಿ 2020ರ ಜೂನಿನಲ್ಲಿ ನಾನೊಂದು ತಪ್ಪು ಮಾಡಿದೆ. ಹೊಸದಾಗಿ ಜಬೊಟಿಕಾಬಾ ನೆಟ್ಟವರು ಹಾಗೆ ಮಾಡದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಗಿಡ ಬಂದದ್ದು 2010ರ ಮಳೆಗಾಲದಲ್ಲಿ. ಮಾರಿದವರು ಇದು ಕಸಿ ಗಿಡ, ಮೂರೇ ವರ್ಷಕ್ಕೆ ಹಣ್ಣು ಎಂದಿದ್ದರು. ಇನ್ನೂರೈವತ್ತು ರೂಪಾಯಿ. ಮನೆಗೆ ತಂದು ಬುಡ ನೋಡಿದರೆ ಕಸಿ ಕಟ್ಟಿದ ಗಂಟೇ ಇಲ್ಲ. ಬೀಜದ ಗಿಡ. ಬೀಜದಿಂದ ಬೆಳೆದ ಜಬೊಟಿಕಾಬಾ ಹಣ್ಣು ಬಿಡಲು ಎಂಟು ವರ್ಷವೂ ಆಗಬಹುದು, ಹದಿನೈದೂ ಆಗಬಹುದು. ಸಣ್ಣ ಎಲೆಯ ಸಬಾರಾ ತಳಿ ಅಂತೂ ಬಹಳ ನಿಧಾನ. ಕೆಂಪು ಹೈಬ್ರಿಡ್ ಎಂದು ಮಾರುವ, ಎಲೆ ಸ್ವಲ್ಪ ದೊಡ್ಡದಿರುವ ಗಿಡ ಮೂರರಿಂದ ಐದು ವರ್ಷಕ್ಕೆ ಫಲ ಕೊಡುತ್ತದೆ. ಕಾಯುವ ವಯಸ್ಸು ತನಗಿಲ್ಲ ಎನ್ನುವವರು ಅದನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ನನಗೆ ಆಗ ಇದು ಯಾವುದೂ ತಿಳಿದಿರಲಿಲ್ಲ. ನೆಟ್ಟು ಎರಡು ವರ್ಷವಾದರೂ ಗಿಡ ನನ್ನ ಮೊಣಕಾಲು ದಾಟಲಿಲ್ಲ. ಅದೇ ದಿನ ನೆಟ್ಟ ನುಗ್ಗೆ ಆಗಲೇ ಹೆಂಚಿನ ಮಾಡು ಮುಟ್ಟಿತ್ತು.

ನಮ್ಮದು ಪುತ್ತೂರಿನ ಕಡೆಯ ಮುರಕಲ್ಲಿನ ನೆಲ. ಮಣ್ಣು ಹುಳಿ. ಅಡಿಕೆಗೆ ಅದು ಕೊರತೆಯೆಂದು ಮಳೆಗಾಲದ ಮೊದಲು ತೋಟಕ್ಕೆ ಸುಣ್ಣ ಎರಚುತ್ತೇವೆ. ಜಬೊಟಿಕಾಬಾಕ್ಕೆ ಬೇಕಾದದ್ದೇ ಹುಳಿ ಮಣ್ಣು. ನಾಲ್ಕನೆಯ ವರ್ಷ ತೋಟಕ್ಕೆ ಸುಣ್ಣ ಹಾಕುತ್ತಿದ್ದ ಕೆಲಸದ ಅಣ್ಣ, ಪಾಪ, ಪ್ರೀತಿಯಿಂದಲೇ ಇದರ ಬುಡಕ್ಕೂ ಎರಡು ಬೊಗಸೆ ಹಾಕಿಬಿಟ್ಟರು. ಎರಡು ತಿಂಗಳಲ್ಲಿ ಹೊಸ ಚಿಗುರೆಲ್ಲ ಹಳದಿ. ಎಲೆಯ ನರ ಮಾತ್ರ ಹಸಿರು, ನಡುವೆಲ್ಲ ಬಿಳಿಚಿಕೊಂಡ ಬಣ್ಣ. ಗೊಬ್ಬರ ಸಾಲದೇನೋ ಎಂದು ಹಟ್ಟಿಗೊಬ್ಬರ ಸುರಿದೆ, ಏನೂ ಬದಲಾಗಲಿಲ್ಲ. ಸುಣ್ಣದಿಂದಾಗಿ ಮಣ್ಣಿನಲ್ಲಿದ್ದ ಕಬ್ಬಿಣವನ್ನು ಬೇರಿಗೆ ಹೀರಲು ಆಗುತ್ತಿಲ್ಲ ಎಂದು ಆಮೇಲೆ ಅರ್ಥವಾಯಿತು. ಮೇಲ್ಮಣ್ಣನ್ನು ಬೇರಿಗೆ ತಾಗದಂತೆ ಕೈಯಲ್ಲೇ ಕೆರೆದು ತೆಗೆದೆ. ಲೀಟರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿ, ಒಂದಿಷ್ಟು ನಿಂಬೆರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಆಮೇಲೆ ಬಂದ ಚಿಗುರು ಹದವಾದ ತಿಳಿಗೆಂಪಿನಲ್ಲಿ ಹುಟ್ಟಿ ಹಸಿರಿಗೆ ತಿರುಗಿತು. ಮಗಳು ಬೆಂಗಳೂರಿನ ತಾರಸಿಯಲ್ಲಿ ಡ್ರಮ್ಮಿನೊಳಗೆ ಬೆಳೆಸುತ್ತಿರುವ ಕೆಂಪು ತಳಿಗೂ ಇದೇ ಹಳದಿ ಬಂದಿತ್ತು. ಅಲ್ಲಿ ಸುಣ್ಣ ಹಾಕಿದವರು ಯಾರೂ ಇಲ್ಲ, ಕೊಳವೆಬಾವಿಯ ಗಡಸು ನೀರೇ ಸುಣ್ಣ. ಈಗ ಅವಳು ಮಳೆನೀರು ಹಿಡಿದಿಟ್ಟು ಅದನ್ನೇ ಉಣಿಸುತ್ತಾಳೆ.

ಬುಡಕ್ಕೆ ಅಡಿಕೆ ಸೋಗೆ, ತರಗೆಲೆ ದಪ್ಪಕ್ಕೆ ಹೊದಿಸುತ್ತೇನೆ. ಇದರ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲೆಯೇ ಹರಡುತ್ತದೆ. ಆದ್ದರಿಂದ ಬುಡದಲ್ಲಿ ಹಾರೆ ಹಾಕಬಾರದು, ನೆಲ ಪೂರ್ತಿ ಒಣಗಲೂ ಬಾರದು.

ಮೊದಲ ಹೂವು 2019ರ ಮಾರ್ಚಿನಲ್ಲಿ. ನೋಡಿದ್ದು ನಾನಲ್ಲ, ಅದೇ ಅಣ್ಣ. "ಅಕ್ಕಾ, ಕಾಂಡಕ್ಕೆ ಬಿಳಿ ತಿಗಣೆ ಹತ್ತಿದೆ. ಬೇವಿನೆಣ್ಣೆ ಹೊಡೆಯಲಾ, ಇಲ್ಲ ಗೋಣಿಯಲ್ಲಿ ಉಜ್ಜಿ ತೆಗೆಯಲಾ?" ಎಂದರು. ಕೈಯಲ್ಲಿದ್ದ ಕೊಡಪಾನ ಕಟ್ಟೆಯ ಮೇಲಿಟ್ಟು ಹೋಗಿ ನೋಡಿದೆ. ತೊಗಟೆಯ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ, ಹಸಿರು ಬಿಳುಪಿನ ಉಬ್ಬುಗಳು. ಒಂದೊಂದು ಕಡೆ ನಾಲ್ಕೈದು, ಒಂದನ್ನೊಂದು ನೂಕುತ್ತಾ ನಿಂತಂತಿದ್ದವು. ತೊಟ್ಟು ಇಲ್ಲ, ಎಲೆ ಇಲ್ಲ, ಬರಿಯ ಮರದೊಳಗಿನಿಂದ ಉಕ್ಕಿ ಬಂದ ಹಾಗೆ. ಉಜ್ಜಬೇಡಿ ಎಂದು ನಾನು ಕೂಗಿದ ರಭಸಕ್ಕೆ ಅತ್ತೆ ಒಳಗಿನಿಂದ ಓಡಿ ಬಂದರು. ಮೂರು ದಿನ ಕಳೆದ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಕಾಂಡದ ಕಂದು ಬಣ್ಣವೇ ಕಾಣುತ್ತಿಲ್ಲ. ನೆಲದಿಂದ ನನ್ನ ಸೊಂಟದೆತ್ತರದವರೆಗೆ ಬಿಳಿ ಕೇಸರಗಳ ಗುಂಜು. ತುಡುವೆ ಜೇನು ಗುಂಯ್ ಎನ್ನುತ್ತಿತ್ತು. ಅತ್ತೆ ಬಹಳ ಹೊತ್ತು ನಿಂತು ನೋಡಿ, "ಹಲಸಿನ ಹಾಗೆ ಮೈಯಲ್ಲೇ ಹೊರುವ ಮರ ಇದು" ಎಂದರು. ಸರಿಯಾದ ಮಾತು. ಹಲಸು, ಅತ್ತಿ, ಬಿಂಬುಳಿ ಕಂಡವರಿಗೆ ಈ ಮರದ ರೀತಿ ಹೊಸದಲ್ಲ. ಹೂವು ಬಿದ್ದು ಹಸಿರು ಗುಂಡು ಕಾಯಿ, ಆಮೇಲೆ ನೇರಳೆ ಬಣ್ಣ, ಆಮೇಲೆ ಕಪ್ಪೇ ಕಪ್ಪು. ಹೂವಿನಿಂದ ಹಣ್ಣಿಗೆ ನಮ್ಮಲ್ಲಿ ಒಂದು ತಿಂಗಳು ಸಾಕಾಯಿತು. ಆ ಸಲ ಸಿಕ್ಕಿದ್ದು ನಲವತ್ತಮೂರು ಹಣ್ಣು. ಹಲ್ಲಿನ ನಡುವೆ ಒತ್ತಿದರೆ ಸಿಪ್ಪೆ ಟಪ್ಪೆಂದು ಒಡೆದು ಬಿಳಿ ತಿರುಳು ನಾಲಗೆಗೆ ಜಾರುತ್ತದೆ. ದ್ರಾಕ್ಷಿಯ ಸಿಹಿ, ಕೊನೆಯಲ್ಲಿ ಸಣ್ಣ ಹುಳಿ, ಸಿಪ್ಪೆ ಜಗಿದರೆ ಒಗರು.

ಈಗ ತಪ್ಪಿನ ವಿಷಯ. ಪೇರಳೆ ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ. ತುದಿ ಕಡಿದಷ್ಟೂ ಚಿಗುರು, ಚಿಗುರಿದಷ್ಟೂ ಹೂವು. ಕೈಗೆ ಆ ಅಭ್ಯಾಸ ಮೂವತ್ತು ವರ್ಷದ್ದು. 2020ರ ಫಸಲು ಮುಗಿದ ಮೇಲೆ ಜಬೊಟಿಕಾಬಾದ ತುದಿಗಳನ್ನೆಲ್ಲ ಅದೇ ಲೆಕ್ಕದಲ್ಲಿ ಗೇಣುದ್ದ ಕಡಿದೆ. ಬಾವಿಯ ದಾರಿಗೆ ಅಡ್ಡ ಬರುತ್ತಿದ್ದ, ಮಣಿಕಟ್ಟಿನಷ್ಟು ದಪ್ಪದ ಎರಡು ಕೆಳಗೊಂಬೆಗಳನ್ನು ಗರಗಸ ಹಾಕಿ ಬುಡಕ್ಕೇ ತೆಗೆಸಿದೆ. ಗಿಡಕ್ಕೆ ಮರದ ಆಕಾರ ಬಂತೆಂದು ಸಂತೋಷವೂ ಆಯಿತು. ಮುಂದಿನ ಮಾರ್ಚಿನಲ್ಲಿ ಹೂವು ಬಂದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಮರ ಹೂವು ಬಿಡುವುದು ಹಳೆಯ ಕಟ್ಟಿಗೆಯ ಮೇಲೆ, ಕಾಂಡದಲ್ಲಿ ಮತ್ತು ಬಲಿತ ಕೊಂಬೆಗಳಲ್ಲಿ. ನಾನು ಕಡಿಸಿದ ಆ ಎರಡು ಕೊಂಬೆಗಳ ತೊಗಟೆಯೇ ಹಣ್ಣಿನ ಜಾಗ. ಹತ್ತು ವರ್ಷ ತೆಗೆದುಕೊಂಡು ಬೆಳೆದದ್ದನ್ನು ಐದು ನಿಮಿಷದಲ್ಲಿ ಒಲೆಗೆ ಹಾಕಿದ್ದೆ. ತುದಿ ಕಡಿದ ಜಾಗಗಳಲ್ಲೋ, ಒಂದೊಂದರಲ್ಲಿ ನಾಲ್ಕೈದು ಚಿಗುರು ಎದ್ದು ಮೇಲುಗಡೆ ಕೊಡೆ ಬಿಚ್ಚಿದ ಹಾಗೆ ದಟ್ಟವಾಗಿ, ಒಳಗೆ ಕತ್ತಲೆ. ಕತ್ತಲಾದ ಕಡೆ ತೊಗಟೆಗೆ ಪಾಚಿ ಹಿಡಿಯಿತು. ನಮ್ಮ ಮಳೆಗಾಲಕ್ಕೆ ಅಷ್ಟು ನೆಪ ಸಾಕು.

ಪೇರಳೆಯಲ್ಲಿ ಕತ್ತರಿ ಹೊರಗಿನಿಂದ ಒಳಗೆ ಬರುತ್ತದೆ, ಇದರಲ್ಲಿ ಒಳಗಿನಿಂದ ಹೊರಗೆ ಹೋಗಬೇಕು. ನಾನು ಈಗ ಹೀಗೆ ಮಾಡುತ್ತೇನೆ. ಹಣ್ಣೆಲ್ಲ ಕೊಯ್ದು ಮುಗಿದ ಮೇಲೆ, ಮಳೆ ಇಲ್ಲದ ದಿನ ನೋಡಿ, ಮಣೆ ಹಾಕಿಕೊಂಡು ಮರದ ಬುಡದಲ್ಲಿ ಕೂರುತ್ತೇನೆ. ಅಲ್ಲಿಂದ ಮೇಲಕ್ಕೆ ನೋಡಿದರೆ ಯಾವುದು ಹೋಗಬೇಕು ಎನ್ನುವುದು ತಾನಾಗಿ ಕಾಣುತ್ತದೆ. ಮೊದಲು ಒಣಗಿದ ಕಡ್ಡಿ. ಆಮೇಲೆ ದಪ್ಪ ಕೊಂಬೆಗಳ ಬೆನ್ನಿನಿಂದ ನೆಟ್ಟಗೆ ಏಳುವ, ಪೆನ್ಸಿಲ್‌ಗಿಂತ ತೆಳುವಾದ ಒಳಚಿಗುರುಗಳು. ಇವು ಹೋದರೆ ಕೊಂಬೆಯ ಮೈ ತೆರೆದುಕೊಳ್ಳುತ್ತದೆ, ಬೆಳಕು ಗಾಳಿ ಆಡುತ್ತದೆ, ನಾಳೆ ಹಣ್ಣು ಕೊಯ್ಯಲು ಕೈಯೂ ಹೋಗುತ್ತದೆ. ಒಂದಕ್ಕೊಂದು ಉಜ್ಜುವ ಎರಡು ರೆಂಬೆಗಳಿದ್ದರೆ ಸಣ್ಣದನ್ನು ತೆಗೆಯುತ್ತೇನೆ. ಬುಡದಿಂದ ಏಳುವ ಕಳ್ಳಚಿಗುರನ್ನು ಎಳೆಯದಾಗಿರುವಾಗ ಮಾತ್ರ ತೆಗೆಯುತ್ತೇನೆ. ಹೆಬ್ಬೆರಳಿನಷ್ಟಾಗುವವರೆಗೆ ಬಿಟ್ಟರೆ ಅದೂ ಒಂದು ಫಲದ ಕೊಂಬೆಯೆಂದು ಉಳಿಸಿಕೊಳ್ಳುತ್ತೇನೆ. ಹೆಬ್ಬೆರಳಿಗಿಂತ ದಪ್ಪದ ಯಾವುದಕ್ಕೂ ಕತ್ತರಿ ಇಡುವುದಿಲ್ಲ. ರೋಗ ಹಿಡಿದಿದ್ದರೆ ಮಾತು ಬೇರೆ. ವರ್ಷಕ್ಕೆ ಒಂದು ಬುಟ್ಟಿ ತುಂಬುವಷ್ಟು ಕಡ್ಡಿ ಬಿದ್ದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಮೊದಲ ಐದಾರು ವರ್ಷದ ಗಿಡಕ್ಕಂತೂ ಕತ್ತರಿಯೇ ಬೇಡ, ಅದರ ಒಂದೊಂದು ಎಲೆಯೂ ಅದಕ್ಕೆ ಬೇಕು.

ಕಡ್ಡಿಯನ್ನು ಕೈಯಿಂದ ಕಿತ್ತರೆ ತೊಗಟೆ ಸೀಳಿ ಕೆಳಗಿನವರೆಗೆ ಬರುತ್ತದೆ. ಉಳಿದ ಮರಗಳಲ್ಲಿ ಅದು ಗಾಯ ಮಾತ್ರ, ಇದರಲ್ಲಿ ಹೂವಿನ ಜಾಗವೇ ಹೋದಂತೆ. ಆದ್ದರಿಂದ ಹರಿತವಾದ ಕತ್ತರಿ, ಬುಡದ ಸಣ್ಣ ಉಬ್ಬನ್ನು ಉಳಿಸಿ ಒಂದೇ ಏಟಿಗೆ. ಹೂಮೊಗ್ಗು ಕಂಡ ಮೇಲೆ ಮರ ಹತ್ತುವುದು, ಏಣಿ ಒರಗಿಸುವುದು, ಬಟ್ಟೆ ಒಣಗಿಸಲು ಹಗ್ಗ ಕಟ್ಟುವುದು ಯಾವುದೂ ಕೂಡದು. ಮನೆಗೆ ಬರುವ ಮಕ್ಕಳಿಗೂ ಹೇಳಿಟ್ಟಿದ್ದೇನೆ. ದೊಡ್ಡ ಗಾಯವಾದರೆ ಸವರಲು ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಅಡಿಕೆಯ ಮನೆಗಳಲ್ಲಿ ಹೇಗೂ ಇರುತ್ತದೆ.

ನೀರಿನ ವಿಷಯಕ್ಕೆ ಒಂದು ಮಾತು. ಜನವರಿಯಲ್ಲಿ ಹತ್ತು ಹನ್ನೆರಡು ದಿನ ನೀರು ಕಡಿಮೆ ಮಾಡಿ, ಎಲೆ ಸ್ವಲ್ಪ ಬಾಡಿದಂತೆ ಕಂಡಾಗ ಧಾರಾಳ ಉಣಿಸುತ್ತೇನೆ. ನಮ್ಮ ಮರ ಅದಕ್ಕೆ ಹೂವಿನಿಂದ ಉತ್ತರ ಕೊಡುತ್ತದೆ. ಕಾಯಿ ಕಟ್ಟಿದ ಮೇಲೆ ಮಾತ್ರ ನೀರು ತಪ್ಪಬಾರದು, ತಪ್ಪಿದರೆ ಕಾಯಿ ಅಲ್ಲಿಯೇ ಮುರುಟುತ್ತದೆ.

ಹಣ್ಣಿಗೆ ಪಿಕಳಾರ, ಬಾವಲಿ, ಇರುವೆ ಎಲ್ಲರೂ ಪಾಲುದಾರರು. ಹಳೆಯ ಸೊಳ್ಳೆಪರದೆಯನ್ನು ಕಾಂಡಕ್ಕೆ ಸುತ್ತಿ ಪಿನ್ನು ಹಾಕುತ್ತೇನೆ. ಕೊಯ್ದ ಹಣ್ಣು ಮೂರು ನಾಲ್ಕು ದಿನದಲ್ಲಿ ಹುಳಿಯಲು ಶುರುವಾಗುತ್ತದೆ. ಪೇಟೆಯಲ್ಲಿ ಇದು ಕಾಣದಿರಲು ಮುಖ್ಯ ಕಾರಣ ಅದೇ, ತಿನ್ನಬೇಕಾದರೆ ಮರದ ಬುಡಕ್ಕೇ ಹೋಗಬೇಕು. ಕಳೆದ ವರ್ಷ ಎರಡು ಬುಟ್ಟಿ ಒಟ್ಟಿಗೆ ಬಂದಾಗ ಪುನರ್ಪುಳಿಗೆ (ಕೋಕಂ) ಮಾಡುವ ಹಾಗೆಯೇ ಮಾಡಿದೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗೆ. ನಾಲ್ಕನೆಯ ದಿನಕ್ಕೆ ಗಾಢ ನೇರಳೆ ಕೆಂಪಿನ ರಸ ಇಳಿಯಿತು. ಪುನರ್ಪುಳಿಯಷ್ಟು ಹುಳಿಯಿಲ್ಲ, ಒಗರು ಜಾಸ್ತಿ. ಚೂರು ಉಪ್ಪು, ಜೀರಿಗೆ ಪುಡಿ ಹಾಕಿದರೆ ಮಧ್ಯಾಹ್ನದ ಶರಬತ್ತಿಗೆ ಚೆನ್ನಾಗಿರುತ್ತದೆ.

ಈ ಮರದ ತವರು ಬ್ರೆಜಿಲ್. ಅಲ್ಲಿನ ಮಿನಾಸ್ ಜೆರಾಯಿಸ್ ರಾಜ್ಯದ ಸಬಾರಾ ಊರಿನಲ್ಲಿ ಇದಕ್ಕೆಂದೇ ಉತ್ಸವ ನಡೆಯುತ್ತದೆ. ತಮ್ಮ ದೇಶದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಸಂಗತಿಯನ್ನು ಅಲ್ಲಿನವರು ಮಾತಿಗೆ ಜಬೊಟಿಕಾಬಾ ಎಂದೇ ಕರೆಯುತ್ತಾರಂತೆ. ಓದಿದಾಗ ನಮ್ಮ ಗುಡ್ಡ ನೆನಪಾಯಿತು. ಗುಡ್ಡ ತುಂಬ ಇರುವ ಗೇರು ಕೂಡ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದಲೇ ಬಂದದ್ದು. ಇಂದು ಗೇರು ಸಂಶೋಧನಾ ನಿರ್ದೇಶನಾಲಯ ಇರುವುದು ನಮ್ಮ ಪುತ್ತೂರಿನಲ್ಲಿ. ಅದೇ ದೇಶದ ಇನ್ನೊಂದು ಮರಕ್ಕೂ ನಮ್ಮ ಮಣ್ಣು ಒಗ್ಗಿತೆಂಬುದು ನನಗೆ ಬಹಳ ಸಂತೋಷದ ವಿಷಯ.

ಬೀಜ ಕೇಳುವವರಿಗೆ ಹಣ್ಣನ್ನೇ ಕೊಟ್ಟು ಕಳಿಸುತ್ತೇನೆ. ಒಣಗಿಸಿದ ಬೀಜ ಮೊಳೆಯುವುದಿಲ್ಲ. ತಿಂದ ದಿನವೇ ತೊಳೆದು ಮರಳು ಬೆರೆತ ಮಣ್ಣಿಗೆ ಹಾಕಬೇಕು. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ, ಅದು ಈ ಮರದ ಗುಣ.

ಕಡಿಸಿದ ಎರಡು ಕೊಂಬೆಗಳಲ್ಲಿ ಒಂದರ ಬುಡ ಒಣಗಿ ಮುಚ್ಚಿಕೊಂಡಿತು. ಇನ್ನೊಂದರ ಪಕ್ಕದಿಂದ 2021ರಲ್ಲಿ ಒಂದು ಚಿಗುರು ಎದ್ದಿತು, ಬಾವಿಯ ದಾರಿಯ ಕಡೆಗೇ ಬಾಗಿ. ಅತ್ತೆಯ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಅದಕ್ಕೆ ಸಡಿಲವಾಗಿ ಕಟ್ಟಿದ್ದೇನೆ, ಯಾರ ಕತ್ತಿಯೂ ತಾಗದಿರಲಿ ಎಂದು. ಈಗ ಅದು ನನ್ನ ಕಿರುಬೆರಳಿನಷ್ಟು ದಪ್ಪವಾಗಿದೆ. ಕೊಡಪಾನ ಹೊತ್ತು ಬರುವಾಗ ನಾವು ಎರಡು ಹೆಜ್ಜೆ ಸುತ್ತು ಬಳಸಿ ಬರುತ್ತೇವೆ.